ಏನೂ ಆಗಲ್ಲ ಅನ್ನುವವರ ಮನೆ

ಅವಳ ಅಪ್ಪನದು ಔಷಧಿ ಅಂಗಡಿ. ಬಸ್ ನಿಲ್ದಾಣದ ಎದುರು ಸಾಲಿನಲ್ಲಿ, ಈ ಕಡೆ ಚಪ್ಪಲಿ ಅಂಗಡಿ, ಆ ಕಡೆ ಸೈಕಲ್ ರಿಪೇರಿ, ನಡುವೆ ಇಬ್ಬರು ಗಿರಾಕಿ ನಿಂತರೆ ಮೂರನೆಯವರು ಬೀದಿಗೆ ಬೀಳುವಷ್ಟು ಜಾಗ. ಅಪ್ಪ ಮಾತ್ರೆಯ ಹಾಳೆಯನ್ನು ಕತ್ತರಿಯಿಂದ ಕತ್ತರಿಸಿ, ಕಾಗದದ ಕವರಿಗೆ ಹಾಕಿ, ಅದರ ಮೇಲೆ ಬೆಳಿಗ್ಗೆಗೆ ಒಂದು ಗೆರೆ ರಾತ್ರಿಗೆ ಒಂದು ಗೆರೆ ಎಳೆದು, ಕೊಡುವಾಗ "ಏನೂ ಆಗಲ್ಲ, ಹೋಗಿ" ಅನ್ನುತ್ತಿದ್ದರು. ಜ್ವರಕ್ಕೂ ಅದೇ, ಮೂಲವ್ಯಾಧಿಗೂ ಅದೇ, ಕೆಮ್ಮಿ ಕೆಮ್ಮಿ ಕಣ್ಣು ಮೇಲೆ ಹೋದವರಿಗೂ ಅದೇ. ಜನ ಔಷಧಿಗಿಂತ ಆ ಮಾತಿಗೇ ಬರುತ್ತಾರೆ ಅನ್ನುವುದು ಅಮ್ಮನ ಗುಮಾನಿ. "ಅದಕ್ಕೂ ಒಂದು ರೇಟು ಹಾಕಿದ್ದಿದ್ರೆ ಇಷ್ಟೊತ್ತಿಗೆ ಮಹಡಿ ಮನೆ ಆಗಿರೋದು" ಅಂತ ಅವರು ಆಗಾಗ ಚುಚ್ಚುತ್ತಿದ್ದರು.

ಮಗಳನ್ನು ಮನೆಯಲ್ಲಿ ಗಿಣಿ ಅಂತ ಕರೆಯುತ್ತಿದ್ದರು. ಮಾತು ಬಂದ ದಿನದಿಂದ ಬಾಯಿ ಮುಚ್ಚಿದ್ದಿಲ್ಲ, ಕೇಳಿದ್ದನ್ನು ಕೇಳಿದ ಹಾಗೇ ತಿರುಗಿ ಒಪ್ಪಿಸುತ್ತಿದ್ದಳು. ಶಾಲೆ ಬಿಟ್ಟ ಮೇಲೆ ಅಂಗಡಿಯ ಸ್ಟೂಲಿನ ಮೇಲೆ ಕೂತು, ಕಾಲು ನೆಲಕ್ಕೆ ಮುಟ್ಟದ ವಯಸ್ಸಿನಲ್ಲೇ ಗಿರಾಕಿಗಳಿಗೆ "ಏನೂ ಆಗಲ್ಲ, ಹೋಗಿ" ಅನ್ನಲು ಶುರುಮಾಡಿದಳು. ಗಿರಾಕಿಗಳು ನಗುತ್ತಿದ್ದರು. ನಕ್ಕರೂ ಅಷ್ಟು ಹೊತ್ತಿಗೆ ಅವರ ಮುಖ ಸ್ವಲ್ಪ ಸಡಿಲವಾಗಿರುತ್ತಿತ್ತು. ಇದನ್ನು ಅವಳು ಗಮನಿಸಿದ್ದಳು.

ಅವಳು ಡಾಕ್ಟರಾದಳು. ಅದರಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ. ಆದರೆ ಅರಿವಳಿಕೆ ಡಾಕ್ಟರಾಗುತ್ತೇನೆ ಅಂದಾಗ ಸೋದರತ್ತೆ ಮೂಗು ಮುರಿದರು. "ಮಲಗಿಸೋದಕ್ಕೆ ಇಷ್ಟೆಲ್ಲ ಓದಬೇಕೇನೇ? ನಮ್ಮ ಲೆಕ್ಕದ ಮೇಷ್ಟ್ರು ಬಾಯಿ ತೆಗೆದ್ರೆ ಸಾಕು, ಇಡೀ ಕ್ಲಾಸು ಮಲಗ್ತಿತ್ತು."

"ಮಲಗಿಸೋದು ಸುಲಭ ಅತ್ತೆ. ಎಬ್ಬಿಸೋದಕ್ಕೆ ಓದಬೇಕು" ಅಂದಳು ಗಿಣಿ. ಅತ್ತೆಗೆ ಅದು ಅಧಿಕಪ್ರಸಂಗವಾಗಿ ಕಂಡಿತು.

ಹೆಚ್ಚಿನ ತರಬೇತಿಗೆ ಅವಳು ಹೊರದೇಶಕ್ಕೆ ಹೋದಳು. ಅಲ್ಲಿ ಅವಳಿಗೆ ಸಿಕ್ಕಿದ್ದು ಬಟ್ಟೆ ಒಗೆಯುವ ಅಂಗಡಿಯ ಮೇಲಿನ ಒಂದು ಕೋಣೆ. ದಿನವಿಡೀ ಕೆಳಗಿನ ಯಂತ್ರಗಳು ತಿರುಗುತ್ತಿದ್ದರೆ ಮೇಲೆ ಮಂಚದ ಕಾಲು ಸಣ್ಣಗೆ ನಡುಗುತ್ತಿತ್ತು. ಕಿಟಕಿಗೆ ಚಿಲಕವಿತ್ತು, ಬಣ್ಣ ಬಳಿದವರು ಅದನ್ನೂ ಸೇರಿಸಿಯೇ ಬಳಿದಿದ್ದರಿಂದ ತೆಗೆಯಲು ಬರುತ್ತಿರಲಿಲ್ಲ. ಒಂದೇ ಪಾತ್ರೆಯಲ್ಲಿ ಅನ್ನ ಮಾಡಿ ಅದರಲ್ಲೇ ಉಣ್ಣುವ ಸಂಸಾರ. ಮೊದಲ ತಿಂಗಳುಗಳಲ್ಲಿ ಅವಳನ್ನು ಹೆಚ್ಚು ಕಾಡಿದ್ದು ಚಳಿಯಲ್ಲ, ಮೌನ. ಬಸ್ಸಿನಲ್ಲಿ ಪಕ್ಕದವರು ಮಾತಾಡಿಸುತ್ತಿರಲಿಲ್ಲ, ಮೆಟ್ಟಿಲಲ್ಲಿ ಸಿಕ್ಕವರು ತಲೆಯಾಡಿಸಿ ಹೋಗುತ್ತಿದ್ದರು. ಗಿಣಿ ಎಂದು ಹೆಸರು ಪಡೆದವಳು ಕೆಟಲ್ಲಿನ ಜೊತೆ ಮಾತಾಡುವ ಮಟ್ಟಕ್ಕೆ ಬಂದಳು. ಕೆಟಲ್ಲು ಕೊನೆಪಕ್ಷ ಕುದಿದಾಗ ಏನೋ ಒಂದು ಅನ್ನುತ್ತಿತ್ತು.

ಹಾಗಾಗಿ ಅವಳ ಮಾತೆಲ್ಲ ರೋಗಿಗಳ ಪಾಲಾಯಿತು. ಆಪರೇಷನ್ ಕೋಣೆಯ ಹೊರಗೆ ಒಂದು ಸಣ್ಣ ಕೋಣೆ. ಅಲ್ಲಿ ರೋಗಿಯನ್ನು ಅಂಗಾತ ಮಲಗಿಸಿ, ಬೆರಳಿಗೆ ಕ್ಲಿಪ್ ಹಾಕಿ, ಕೈಗೆ ಸೂಜಿ ಚುಚ್ಚಿ, ಮುಖಕ್ಕೆ ಮಾಸ್ಕ್ ಹಿಡಿಯುವುದು ಅವಳ ಕೆಲಸ. ಮಾನಿಟರಿನ ಸದ್ದು ಟಿಕ್ ಟಿಕ್ ಎನ್ನುತ್ತಿರುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿದರೆ ಅದರ ಸ್ವರವೂ ಇಳಿಯುತ್ತದೆ. ಕಣ್ಣು ಬೇರೆಲ್ಲೋ ಇದ್ದರೂ ಅವಳ ಕಿವಿ ಮಾತ್ರ ಆ ಸ್ವರದಲ್ಲೇ ನೆಟ್ಟಿರಬೇಕು. ಬಿಳಿಯ ಔಷಧಿ ನಳಿಕೆಯಲ್ಲಿ ಇಳಿಯುವಾಗ ಪ್ರತಿಯೊಬ್ಬರೂ ಮೇಲೆ ನೋಡುತ್ತಾರೆ, ಅಲ್ಲಿ ಇರುವುದು ಅವಳ ತಲೆಕೆಳಗಾದ ಮುಖ. ಆ ಹೊತ್ತಿನಲ್ಲಿ ಕೇಳಿದ್ದೇ ಅವರಿಗೆ ಕೊನೆಯ ಮಾತು. ಗಿಣಿ ಅಪ್ಪನ ಅಂಗಡಿಯ ಮಾತನ್ನು ಆ ದೇಶದ ಭಾಷೆಗೆ ತಿರುಗಿಸಿ ಹೇಳುತ್ತಿದ್ದಳು. ಹಣೆಯ ಗೆರೆಗಳು ಸಡಿಲವಾಗುತ್ತಿದ್ದವು. ಔಷಧಿ ಮಾಡಿದ್ದೋ ಮಾತು ಮಾಡಿದ್ದೋ ಅಂತ ಕೇಳುವವರು ಯಾರೂ ಇರಲಿಲ್ಲ.

ಕೇಳುವವರು ಒಬ್ಬರಿದ್ದರು. ಅವಳ ಮೇಲಿನ ಡಾಕ್ಟರು, ಎತ್ತರದ, ನರೆತ ಕೂದಲನ್ನು ಗಂಡಸರ ಹಾಗೆ ಕತ್ತರಿಸಿಕೊಂಡಿದ್ದ ಹೆಂಗಸು. ಗಿಣಿ ಮನಸ್ಸಿನೊಳಗೆ ಅವರನ್ನು ದೊಡ್ಡಮ್ಮ ಅನ್ನುತ್ತಿದ್ದಳು. ನಡಿಗೆಯಲ್ಲಿ, ಬಾಗಿಲು ಹಾಕುವ ರಭಸದಲ್ಲಿ ಅವಳ ಸ್ವಂತ ದೊಡ್ಡಮ್ಮನೇ ಬಂದು ನಿಂತ ಹಾಗಿತ್ತು. ದೊಡ್ಡಮ್ಮ ಒಪ್ಪಿ ಬರೆದುಕೊಟ್ಟರೆ ಮಾತ್ರ ಅವಳು ಯಾರ ಕಾವಲೂ ಇಲ್ಲದೆ ಒಬ್ಬಳೇ ರೋಗಿಯನ್ನು ಮಲಗಿಸಿ ಎಬ್ಬಿಸಬಹುದು. ಅಲ್ಲಿಯವರೆಗೆ ಬೆನ್ನ ಹಿಂದೆ ಅವರ ಚಪ್ಪಲಿ ಸದ್ದು ತಪ್ಪಿದ್ದಲ್ಲ.

"ಏನೂ ಆಗಲ್ಲ ಅಂತ ನಿನಗೆ ಯಾರು ಹೇಳಿದ್ದು?" ಅಂತ ಒಮ್ಮೆ ಕೇಳಿದರು.

"ಧೈರ್ಯಕ್ಕೆ ಅಂದೆ."

"ಏನೇನು ಆಗಬಹುದು ಅಂತ ಹೇಳು. ಆಮೇಲೆ ಧೈರ್ಯ ಹೇಳು."

ಆ ಆಸ್ಪತ್ರೆಯ ಪದ್ಧತಿಯೇ ಹಾಗೆ. ಗಂಟಲು ಕೆರೆಯಬಹುದು, ಹಲ್ಲು ಮುರಿಯಬಹುದು, ಲಕ್ಷಕ್ಕೊಬ್ಬರು ಎಚ್ಚರವಾಗದೇ ಹೋಗಬಹುದು, ಎಲ್ಲವನ್ನೂ ರೋಗಿಯ ಮುಖ ನೋಡಿಯೇ ಹೇಳಬೇಕು. ಅಣ್ಣನಿಗಲ್ಲ, ಮಾವನಿಗಲ್ಲ, ರೋಗಿಗೇ. ಗಿಣಿಗೆ ಇದು ಕಟುಕತನವಾಗಿ ಕಂಡಿತು. ಮಲಗಿರುವವನ ಎದೆ ಮೊದಲೇ ಡವಡವ ಅನ್ನುತ್ತಿರುವಾಗ ಅದರ ಮೇಲೆ ಇನ್ನೊಂದು ಕಲ್ಲು ಯಾಕೆ? ಅವಳು ದೊಡ್ಡಮ್ಮ ಹತ್ತಿರವಿದ್ದಾಗ ಎಲ್ಲ ಹೇಳುತ್ತಿದ್ದಳು, ಇಲ್ಲದಾಗ ಅರ್ಧ ನುಂಗಿಬಿಡುತ್ತಿದ್ದಳು. ಎರಡು ವರ್ಷ ಈ ಕಳ್ಳಾಟ ನಡೆಯಿತು.

ಒಂದು ದಿನ ಹರ್ನಿಯಾ ಆಪರೇಷನ್ನಿಗೆ ಒಬ್ಬ ವಯಸ್ಸಾದ ಮನುಷ್ಯ ಬಂದ. ಒಣಕಲು ಆಳು, ಮಾತಿಗೆ ಮೊದಲು ನಗುವವನು. ಗಿಣಿ ಹೃದಯ, ಶ್ವಾಸಕೋಶ, ಹಿಂದಿನ ಕಾಯಿಲೆ ಎಲ್ಲ ಕೇಳಿದಳು. ಹಲ್ಲು ಅಲ್ಲಾಡುತ್ತಾ ಅಂದಳು, ಇಲ್ಲ ಅಂದ. ದೊಡ್ಡಮ್ಮ ಇನ್ನೂ ಬಂದಿರಲಿಲ್ಲ, ಅಷ್ಟಕ್ಕೇ ನಿಲ್ಲಿಸಿದಳು. ಆತನ ಕೈ ಹೊದಿಕೆಯ ಅಂಚನ್ನು ತಿರುಚುತ್ತಾ ಇದ್ದದ್ದನ್ನು ನೋಡಿ, "ಏನೂ ಆಗಲ್ಲ, ನಾನಿದ್ದೀನಲ್ಲ" ಅಂದಳು. ಕೈ ತಿರುಚುವುದನ್ನು ನಿಲ್ಲಿಸಿತು.

ಮಲಗಿದ ಮೇಲೆ ಉಸಿರಿನ ನಳಿಕೆ ಇಳಿಸಲು ಬಾಯಿ ತೆರೆದು, ದೀಪವಿರುವ ಬಾಗಿದ ಲೋಹದ ಪಟ್ಟಿಯಿಂದ ನಾಲಿಗೆ ಎತ್ತಿದಳು. ದವಡೆ ಬಿಗಿ ಇತ್ತು. ಚೂರು ಬಲ ಹಾಕಿದಳು. ಟಕ್ ಎಂಬ ಸದ್ದು, ಮಾನಿಟರಿನದಲ್ಲ. ಮೇಲಿನ ಮುಂಬದಿಯ ಹಲ್ಲೊಂದು ಬುಡದಿಂದ ಮುರಿದು ನಾಲಿಗೆಯ ಮೇಲೆ ಬಿದ್ದಿತ್ತು. ಅಷ್ಟರಲ್ಲಿ ಬಂದು ಹಿಂದೆ ನಿಂತಿದ್ದ ದೊಡ್ಡಮ್ಮ ಚಿಮಟ ಕೈಗೆ ಕೊಟ್ಟರು. ಹಲ್ಲನ್ನು ಎತ್ತಿ ಒಂದು ಡಬ್ಬಿಗೆ ಹಾಕಿ, ನಳಿಕೆ ಇಳಿಸಿ, ಗಾಳಿ ಎರಡೂ ಕಡೆ ಹೋಗುತ್ತಿದೆಯೇ ಅಂತ ಎದೆಗೆ ಕಿವಿಗೊಟ್ಟು ಕೇಳಿದಳು. ಉಳಿದದ್ದೆಲ್ಲ ಸರಿಯಾಗಿತ್ತು.

ಮಧ್ಯಾಹ್ನ ವಾರ್ಡಿಗೆ ಅವಳೇ ಹೋದಳು, ದೊಡ್ಡಮ್ಮ ಅವಳನ್ನೇ ಕಳಿಸಿದರು. ಆತ ದಿಂಬಿಗೆ ಒರಗಿ ನಾಲಿಗೆಯಿಂದ ಸಂದಿಯನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದ. ಅವಳು ಆದದ್ದನ್ನು ಹೇಳಿದಳು, ತಪ್ಪಾಯಿತು ಅಂದಳು, ಆಸ್ಪತ್ರೆಯವರೇ ಹಲ್ಲು ಕಟ್ಟಿಸಿಕೊಡುತ್ತಾರೆ ಅಂದಳು. ಬೈದಿದ್ದರೆ ಹಗುರಾಗುತ್ತಿತ್ತು. ಆತ ಬೈಯಲಿಲ್ಲ.

"ಹಲ್ಲು ಒಂದಲ್ಲ ಒಂದು ದಿನ ಹೋಗೋದೇ ಬಿಡಿ. ಆದ್ರೆ ಹೀಗೂ ಆಗಬಹುದು ಅಂತ ನೀವು ಅಂದಿದ್ರೆ ನಾನೂ ಒಂದು ಮಾತು ಹೇಳ್ತಿದ್ದೆ."

"ಏನು?"

"ನಾನು ಬ್ಯಾಂಡಲ್ಲಿ ಟ್ರಂಪೆಟ್ ಊದೋನು. ತುಟಿ ನಿಲ್ಲೋದು ಈ ಹಲ್ಲಿನ ಮೇಲೆ. ನನ್ನ ಜೊತೆಯವನೊಬ್ಬ ಇದೇ ಆಪರೇಷನ್ ಮಾಡಿಸಿಕೊಂಡ, ಬೆನ್ನಿಗೆ ಸೂಜಿ ಹಾಕಿ ಸೊಂಟದ ಕೆಳಗೆ ಮಾತ್ರ ಮರಗಟ್ಟಿಸಿದ್ರಂತೆ. ಹೇಳಿದ್ರೆ ನನಗೂ ಹಾಗೇ ಮಾಡಿ ಅಂತಿದ್ದೆ. ನೀವು ಏನೂ ಆಗಲ್ಲ ಅಂದ್ರಿ. ಕೇಳೋದಕ್ಕೆ ಏನೂ ಉಳೀಲಿಲ್ಲ."

ಕಟ್ಟಿದ ಹಲ್ಲಿಗೆ ತುಟಿ ಹೊಸದಾಗಿ ಕಲಿಯಬೇಕು, ಈ ವಯಸ್ಸಿಗೆ ಕಲಿತರೆ ಕಲಿತೆ, ಇಲ್ಲದಿದ್ದರೆ ಇಲ್ಲ, ಅಂತ ಆತ ನಕ್ಕ. ನಗುವಾಗ ಕೈ ತಾನಾಗೇ ಬಾಯಿಗೆ ಅಡ್ಡ ಬಂತು. ಗಿಣಿಗೆ ನಾಚಿಕೆಯಾಯಿತು, ತುಂಬ ನಾಚಿಕೆಯಾಯಿತು.

ಚಹಾ ಕುಡಿಯುವ ಕೋಣೆಯಲ್ಲಿ ದೊಡ್ಡಮ್ಮ ಕಾದಿದ್ದರು. ಗಿಣಿ ಆತ ಅಂದದ್ದನ್ನೆಲ್ಲ ಒಪ್ಪಿಸಿದಳು. "ನಿನ್ನ ಕೈ ಚೆನ್ನಾಗಿದೆ. ಹಲ್ಲು ನನ್ನ ಕೈಯಲ್ಲೂ ಮುರಿದಿದೆ. ಸರಿ ಇಲ್ಲದ್ದು ನಿನ್ನ ಬಾಯಿ. ನೀನು ಅವನಿಗೆ ಧೈರ್ಯ ಹೇಳಲಿಲ್ಲ, ನಿನಗೆ ನೀನೇ ಹೇಳ್ಕೊಂಡೆ." ಲೋಟ ತೊಳೆದಿಟ್ಟು ಬಾಗಿಲ ಹತ್ತಿರ ತಿರುಗಿ ನಿಂತರು. "ಏನಾದ್ರೂ ಹೇಳಲೇಬೇಕು ಅನಿಸಿದ್ರೆ, ನಿನ್ನ ಕೈಲಾಗೋದನ್ನ ಹೇಳು. ನಾನು ಇಲ್ಲೇ ಇರ್ತೀನಿ ಅನ್ನು. ಅಷ್ಟು ನಿನ್ನ ಕೈಲಾಗುತ್ತೆ. ಒಬ್ಬಳೇ ಕೆಲಸ ಮಾಡೋ ಮಾತು ಮುಂದಿನ ವರ್ಷ ನೋಡೋಣ."

ಬಾಯಿಯ ಚಾಳಿ ಬಿಡುವುದು ಸುಲಭವಲ್ಲ. ಮೊದಮೊದಲು ಅವಳು ಏನೂ ಆಗಲ್ಲ ಅನ್ನುವ ಮಾತನ್ನು ನಾಲಿಗೆ ತುದಿಯಿಂದ ಎಳೆದು ಹಿಂದಕ್ಕೆ ಹಾಕಬೇಕಾಗುತ್ತಿತ್ತು. ಆಗಬಹುದಾದದ್ದನ್ನೆಲ್ಲ ಹೇಳಿದಾಗ ಕೆಲವರು ಅತ್ತರು, ಒಬ್ಬ ಎದ್ದು ಪ್ಯಾಂಟು ಹಾಕಿಕೊಂಡು ಮನೆಗೇ ಹೋದ. ಆದರೆ ಜನ ತಿರುಗಿ ಮಾತಾಡತೊಡಗಿದರು. ಒಬ್ಬಾಕೆ ತನಗೆ ಎಚ್ಚರವಾದಾಗ ಕನ್ನಡಕ ಕೈಗೆ ಸಿಗಬೇಕು, ಇಲ್ಲದಿದ್ದರೆ ಭಯವಾಗುತ್ತೆ ಅಂದಳು. ಒಬ್ಬ ದರ್ಜಿ "ಎಡಗೈಗೆ ಸೂಜಿ ಚುಚ್ಚಿ, ಬಲಗೈ ಅನ್ನ ಕೊಡೋದು" ಅಂದ. ಇವನ್ನೆಲ್ಲ ಇವರು ಹಿಂದೆಯೂ ಹೇಳುತ್ತಿದ್ದರೇನೋ, ತಾನೇ ಬಾಯಿ ಮುಚ್ಚಿಸಿದ್ದೆ ಅಂತ ಅವಳಿಗೆ ಅನಿಸಿತು. ಅವಳು ಎಲ್ಲರಿಗೂ ಹೇಳುತ್ತಿದ್ದದ್ದು ಈಗ ಒಂದೇ ಮಾತು: "ನಾನು ಇಲ್ಲೇ ಇರ್ತೀನಿ." ಇರುತ್ತಿದ್ದಳು ಕೂಡ. ಅರಿವಳಿಕೆ ಡಾಕ್ಟರು ರೋಗಿಯನ್ನು ಬಿಟ್ಟು ಹೊರಗೆ ಹೋಗುವಂತಿಲ್ಲ. ಅದೊಂದು ವಿಷಯದಲ್ಲಿ ಅವಳ ಕಸುಬು ಮತ್ತು ಮಾತು ಹೊಂದಿಕೊಂಡವು.

ಆ ವರ್ಷವೇ ಅಣ್ಣನ ಫೋನು ಬಂತು. ಅಣ್ಣ ಊರಿನಲ್ಲೇ ಬ್ಯಾಂಕಿನಲ್ಲಿದ್ದ. ಅಪ್ಪನಿಗೆ ಹೊಟ್ಟೆಯಲ್ಲಿ ದೊಡ್ಡ ರಕ್ತನಾಳ ಉಬ್ಬಿಕೊಂಡಿದೆ, ಯಾವಾಗ ಬೇಕಾದರೂ ಒಡೆಯಬಹುದು, ಆಪರೇಷನ್ ಮಾಡಬೇಕು ಅಂತ ಡಾಕ್ಟರು ಹೇಳಿದ್ದಾರೆ. ಅಪ್ಪನಿಗೆ ಅಷ್ಟೆಲ್ಲ ಹೇಳಿಲ್ಲ, ಅಮ್ಮನಿಗಂತೂ ಏನೋ ಚಿಕ್ಕ ಗಂಟು ಅಂದಿದ್ದೇವೆ ಅಂದ ಅಣ್ಣ.

"ಅಪ್ಪ ಒಪ್ತಿಲ್ಲ. ನಿನ್ನ ಮಾತಾದ್ರೆ ಕೇಳ್ತಾರೆ. ಏನೂ ಆಗಲ್ಲ, ಮಾಡಿಸ್ಕೊಳಿ ಅಂತ ಒಂದು ಮಾತು ಹೇಳಿಬಿಡು, ಮುಗೀತು."

ಅವಳು ಅಪ್ಪನ ಪರೀಕ್ಷೆಯ ವರದಿಗಳನ್ನೆಲ್ಲ ತರಿಸಿ ನೋಡಿದಳು. ಅಪ್ಪನ ಹೃದಯ ಅರ್ಧಕ್ಕರ್ಧ ಸೋತಿತ್ತು. ಬೇರೆ ಯಾರದೇ ವರದಿಯಾಗಿದ್ದರೂ ಈ ಮನುಷ್ಯ ಟೇಬಲ್ಲಿನಿಂದ ಏಳುವುದು ಕಷ್ಟ ಅನ್ನುತ್ತಿದ್ದಳು. ಮಾಡಿಸದಿದ್ದರೆ ಆರು ತಿಂಗಳೋ, ಎರಡು ವರ್ಷವೋ, ನಾಳೆಯೋ. ಎರಡೂ ಕಡೆ ದಾರಿ ಕೆಟ್ಟದ್ದೇ ಇತ್ತು. ಯಾವ ಕಡೆ ಹೋಗಬೇಕು ಅನ್ನುವುದು ಅಪ್ಪನ ಕೈಯಲ್ಲಿತ್ತು, ಅಪ್ಪನಿಗೆ ಅದು ಗೊತ್ತಿರಲಿಲ್ಲ.

ಫೋನು ಮಾಡಿದಳು. ಅಪ್ಪ ಅಂಗಡಿಯಲ್ಲಿದ್ದರು, ಹಿಂದೆ ಬಸ್ಸುಗಳ ಹಾರ್ನ್ ಕೇಳುತ್ತಿತ್ತು. ಅವಳು ಹೇಗೆ ಶುರುಮಾಡುವುದು ಅಂತ ತಡವರಿಸುವಾಗ ಅಪ್ಪನೇ ಅಂದರು, "ನಿಜ ಹೇಳು. ಅಂಗಡಿಯವನಿಗೆ ಅಂಗಡಿ ಮಾತು ಹೇಳಬೇಡ."

ಹೇಳಿದಳು. ರೋಗಿಗಳಿಗೆ ಹೇಳುವ ಹಾಗೇ, ಒಂದೊಂದಾಗಿ, ಯಾವುದನ್ನೂ ನುಂಗದೆ. ಕೊನೆಯಲ್ಲಿ ದನಿ ಒಡೆಯಿತು. ಆ ಕಡೆ ಯಾರೋ ಕೆಮ್ಮಿನ ಔಷಧಿ ಕೇಳಿದರು, ಅಪ್ಪ ಕೊಟ್ಟು ಬಂದರು.

"ಇನ್ನೂ ಇದ್ದೀಯಾ? ಹಾಗಾದ್ರೆ ಬೇಡ ಬಿಡು. ಅಲ್ಲಿ ಮಲಗಿ ಹೋಗೋದಕ್ಕಿಂತ ಇಲ್ಲಿ ಕೂತು ಹೋಗ್ತೀನಿ. ಅಳಬೇಡ. ಹೇಳಿದ್ದು ಒಳ್ಳೇದಾಯ್ತು. ನಿಮ್ಮಮ್ಮನಿಗೆ ಮಾತ್ರ ಹೇಳಬೇಡ, ಅವಳು ನಿದ್ದೆ ಬಿಡ್ತಾಳೆ."

ಆ ಸಂಜೆ ಅಮ್ಮನೇ ಫೋನು ಮಾಡಿದರು. "ಆಪರೇಷನ್ ಬೇಡ ಅಂತ ನೀನೂ ಹೇಳಿದೆ ಅಂತ ನಿಮ್ಮಪ್ಪ ಅಂದ್ರು. ಏನೂ ಆಗಲ್ಲ ತಾನೆ?"

"ಏನೂ ಆಗಲ್ಲ ಅಮ್ಮ" ಅಂದಳು ಗಿಣಿ. ರೋಗಿ ಬೇಡ ಅಂದರೆ ಇನ್ನೊಬ್ಬರಿಗೆ ಹೇಳುವಂತಿಲ್ಲ, ಅದು ಅಲ್ಲಿಯ ಪದ್ಧತಿ. ಹೇಳಿದ ಮೇಲೆ ಅವಳಿಗೂ ಹಗುರಾಯಿತು. ಎಷ್ಟೋ ದಿನಗಳ ನಂತರ ಆಡಿದ ಮಾತು, ಬಾಯಿಗೆ ಹಿತವಾಗಿತ್ತು.

ಮುಂದಿನ ವರ್ಷ ದೊಡ್ಡಮ್ಮ ಒಪ್ಪಿಗೆ ಕೊಟ್ಟರು. ಬೆನ್ನ ಹಿಂದೆ ಚಪ್ಪಲಿ ಸದ್ದಿಲ್ಲದ ಮೊದಲ ದಿನ ಅವಳು ಎರಡು ಸಲ ತಿರುಗಿ ನೋಡಿದಳು. ಸಹಿ ಹಾಕುವಾಗ ದೊಡ್ಡಮ್ಮ "ಈಗ ನಿನ್ನ ಬಾಯಿಯೂ ಸರಿಯಾಗಿದೆ" ಅಂದಿದ್ದರು. ಆ ಮಾತನ್ನು ಅವಳು ನಂಬಿದಳು.

ಆ ಫೋನಿನ ಮಾತಾಗಿ ಒಂದೂವರೆ ವರ್ಷದ ಮೇಲೆ ಅಪ್ಪ ಹೋದರು. ಚಿಕ್ಕಮ್ಮ ಕಾಲು ಮುರಿದುಕೊಂಡಿದ್ದರಿಂದ ಅಮ್ಮ ಅವರನ್ನು ನೋಡಿಕೊಳ್ಳಲು ಬೇರೆ ಊರಿಗೆ ಹೋಗಿದ್ದರು. ಸಂಜೆ ಫೋನಿನಲ್ಲಿ ಅಪ್ಪ ಬೆನ್ನು ನೋವು ಅಂದರಂತೆ. ಬರಲಾ ಅಂತ ಅಮ್ಮ ಕೇಳಿದ್ದಕ್ಕೆ, ಏನೂ ಆಗಲ್ಲ, ನಿಧಾನಕ್ಕೆ ಬಾ ಅಂದರಂತೆ. ಬೆಳಿಗ್ಗೆ ಅಂಗಡಿ ತೆಗೆದು ಸ್ಟೂಲಿನ ಮೇಲೆ ಕೂತವರು ಹಾಗೇ ಕೌಂಟರಿಗೆ ಒರಗಿದರು. ಸೈಕಲ್ ರಿಪೇರಿಯವನು ಮೊದಲು ನೋಡಿದ್ದು. ಹೊಟ್ಟೆಯ ಆ ರಕ್ತನಾಳ ಒಡೆದಿತ್ತು, ಹಿಂದಿನ ಸಂಜೆಯ ಬೆನ್ನು ನೋವು ಅದರದೇ ಸೂಚನೆ.

ಗಿಣಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ನೆಂಟರೆಲ್ಲ ಹೋದ ಮೇಲೆ ಒಂದು ಮಧ್ಯಾಹ್ನ ಅಮ್ಮ, ಮಗಳು ಅಂಗಡಿಗೆ ಹೋದರು. ಷಟರ್ ಅರ್ಧ ಎತ್ತಿ, ಅವಧಿ ಮುಗಿಯುತ್ತಾ ಬಂದ ಮಾತ್ರೆಗಳನ್ನು ಕಂಪನಿಗೆ ವಾಪಸು ಮಾಡಲು ರಟ್ಟಿನ ಪೆಟ್ಟಿಗೆಗೆ ತುಂಬುವ ಕೆಲಸ. ಅಮ್ಮ ತಾರೀಖು ಓದುತ್ತಿದ್ದರು, ಗಿಣಿ ತುಂಬುತ್ತಿದ್ದಳು. ಓದುತ್ತಾ ಓದುತ್ತಾ ಅಮ್ಮ ನಿಲ್ಲಿಸಿದರು.

"ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಅಣ್ಣನಿಗೂ ಗೊತ್ತಿತ್ತು, ಮೊನ್ನೆ ಬಾಯಿ ಬಿಟ್ಟ. ನಿಮ್ಮಪ್ಪನಿಗೂ ಗೊತ್ತಿತ್ತು."

"ಅಪ್ಪ ಹೇಳಬೇಡ ಅಂದಿದ್ರು ಅಮ್ಮ. ನಮ್ಮ ಕೆಲಸದಲ್ಲಿ ರೋಗಿ ಬೇಡ ಅಂದ್ರೆ..."

"ಅವರು ರೋಗಿ, ಸರಿ. ನಾನೇನಾಗಿದ್ದೆ?" ಅಮ್ಮನ ದನಿ ಏರಲಿಲ್ಲ. "ಹೇಳಲ್ಲ ಅಂತ ಅಂದಿದ್ರೂ ನನಗೆ ತಿಳೀತಿತ್ತು. ನೀನು ಏನೂ ಆಗಲ್ಲ ಅಂದೆ. ಬೆನ್ನು ನೋವು ಅಂದಾಗ ನಿನ್ನ ಮಾತು ನೆನೆಸ್ಕೊಂಡು ಮಲಗಿದೆ. ಚೆನ್ನಾಗಿ ನಿದ್ದೆ ಮಾಡಿದೆ ಆ ರಾತ್ರಿ. ಗೊತ್ತಿದ್ದಿದ್ರೆ ಆಗಲೇ ಬಸ್ ಹತ್ತುತ್ತಿದ್ದೆ. ಉಳಿಸ್ಕೋತಿದ್ದೆ ಅಂತಲ್ಲ. ಪಕ್ಕದಲ್ಲಿ ಇರ್ತಿದ್ದೆ."

ಗಿಣಿಗೆ ಟ್ರಂಪೆಟ್ಟಿನ ಮುದುಕ ಬಾಯಿಗೆ ಕೈ ಅಡ್ಡ ಹಿಡಿದದ್ದು ನೆನಪಾಯಿತು. ಆತನಿಗೆ ಹಲ್ಲನ್ನಾದರೂ ಕಟ್ಟಿಸಿಕೊಡಬಹುದಿತ್ತು. ಅಮ್ಮ ಮತ್ತೆ ತಾರೀಖು ಓದತೊಡಗಿದರು, ಅವಳು ಮತ್ತೆ ತುಂಬತೊಡಗಿದಳು. ಕಣ್ಣು ಮಂಜಾಗಿ ಎರಡು ಹಾಳೆ ಬೇರೆ ಪೆಟ್ಟಿಗೆಗೆ ಬಿದ್ದವು, ಅಮ್ಮ ಅವನ್ನು ತೆಗೆದು ಸರಿಯಾದ ಪೆಟ್ಟಿಗೆಗೆ ಹಾಕಿದರು.

ಷಟರಿನ ಕೆಳಗೆ ಬಗ್ಗಿ ಒಬ್ಬ ಹೆಂಗಸು ಒಳಗೆ ಬಂದಳು, ಹೆಗಲ ಮೇಲೆ ಮಗು. ಡಾಕ್ಟರ ಚೀಟಿ ತೋರಿಸಿದಳು. ಅಮ್ಮ ಕಪಾಟಿನಿಂದ ಜ್ವರದ ಸಿರಪ್ಪು ಹುಡುಕಿ ಕೊಟ್ಟರು. ಗಿಣಿ ಮಗುವಿನ ಕುತ್ತಿಗೆ ಮುಟ್ಟಿ ನೋಡಿದಳು, ಹೊಟ್ಟೆ ಏರಿಳಿಯುವುದನ್ನು ನೋಡಿದಳು.

"ಅವರಿದ್ದಿದ್ರೆ ಒಂದು ಮಾತು ಹೇಳ್ತಿದ್ರು" ಅಂದಳು ಹೆಂಗಸು. ಆಮೇಲೆ ಮಗಳು ಡಾಕ್ಟರು ಅನ್ನುವುದು ನೆನಪಾಗಿ, "ಏನೂ ಆಗಲ್ಲ ತಾನೆ ಡಾಕ್ಟರೇ?" ಅಂದಳು.

ಅಮ್ಮ ಪೆಟ್ಟಿಗೆಯಿಂದ ತಲೆ ಎತ್ತಲಿಲ್ಲ, ಆದರೆ ಕೈ ನಿಂತಿತು.

"ಈಗ ಉಸಿರಾಟ ಸರಿಯಾಗಿದೆ" ಅಂದಳು ಗಿಣಿ. "ಉಸಿರು ಜೋರಾದ್ರೆ, ಹಾಲು ಬಿಟ್ಟರೆ, ಕಾಯಬೇಡಿ, ಸೀದಾ ಆಸ್ಪತ್ರೆಗೆ ಹೋಗಿ. ಬರೀ ಜ್ವರ ಇಳೀದಿದ್ರೆ ನಾಳೆ ಬೆಳಿಗ್ಗೆ ಇಲ್ಲಿಗೆ ಕರ್ಕೊಂಡು ಬನ್ನಿ. ನಾನು ಇಲ್ಲೇ ಇರ್ತೀನಿ."

ಹೆಂಗಸು ಮಗುವಿನ ತಲೆಯ ಮೇಲೆ ಸೆರಗು ಹೊದಿಸಿಕೊಂಡು ಹೋದಳು. ಅವಳ ಮುಖ ಸಡಿಲವಾಗಿರಲಿಲ್ಲ. ಬೀದಿ ದಾಟುವವರೆಗೂ ಮಗುವಿನ ಎದೆಯನ್ನೇ ನೋಡಿಕೊಂಡು ನಡೆದಳು.

"ಎಷ್ಟು ದಿನ?" ಅಂದರು ಅಮ್ಮ.

"ಏನು?"

"ಇಲ್ಲೇ ಇರ್ತೀನಿ ಅಂದೆಯಲ್ಲ. ಎಷ್ಟು ದಿನ?"

ಗಿಣಿ ನೋಡೋಣ ಅನ್ನಬಹುದಿತ್ತು. ಬೇಗ ಬಂದುಬಿಡ್ತೀನಿ ಅನ್ನಬಹುದಿತ್ತು. ಹಾಗಂದಿದ್ದರೆ ಅಮ್ಮ ಈ ರಾತ್ರಿಯೂ ಚೆನ್ನಾಗಿ ನಿದ್ದೆ ಮಾಡುತ್ತಿದ್ದರು.

"ಭಾನುವಾರದವರೆಗೆ" ಅಂದಳು. "ಆಮೇಲೆ ಮತ್ತೆ ಬರೋದಕ್ಕೆ ಒಂದು ವರ್ಷ ಆಗುತ್ತೆ ಅಮ್ಮ."

ಅಮ್ಮ ಅವಳ ಮುಖವನ್ನೇ ನೋಡಿದರು. ಆಮೇಲೆ ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿ, ಸ್ಟೂಲನ್ನು ಮಗಳ ಕಡೆಗೆ ಎಳೆದುಕೊಂಡು ಕೂತರು. "ಹಾಗಾದ್ರೆ ಇದನ್ನ ನಾನು ಆಮೇಲೆ ಮಾಡ್ಕೋತೀನಿ" ಅಂದರು.